ಕೃತಿ ಮೊದಲೋ, ಕೃತಿಕಾರರ ಬದುಕು ಮೊದಲೋ?

ಪ್ರಶ್ನೆ: ಕಾದಂಬರಿಗಳನ್ನು ಓದುವ ಮೊದಲು ಲೇಖಕರ ಜೀವನದ ಬಗ್ಗೆ ಓದಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಆದರೆ ಹಾಗೆ ಓದಿಕೊಂಡ ಮೇಲೆ ಪ್ರತಿ ಪಾತ್ರದಲ್ಲೂ ಲೇಖಕರೋ ಅವರ ಮನೆಯವರೋ ಕಾಣಿಸತೊಡಗುತ್ತಾರೆ. ಕಥೆ ಕಥೆಯಾಗಿ ಉಳಿಯುವುದಿಲ್ಲ. ಏನನ್ನೂ ತಿಳಿಯದೆ ಓದಿದರೆ ಮುಖ್ಯವಾದದ್ದೇನೋ ಕೈತಪ್ಪಿತೆಂಬ ಅನುಮಾನ ಕಾಡುತ್ತದೆ. ಲೇಖಕರ ಬದುಕು ತಿಳಿದಿರಲೇಬೇಕೆ? ತಿಳಿದಿದ್ದರೆ ಅದನ್ನು ಓದಿನಲ್ಲಿ ಹೇಗೆ ಬಳಸಿಕೊಳ್ಳಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ನನ್ನ ಉತ್ತರ ಚಿಕ್ಕದು. ಮೊದಲು ಕೃತಿಯನ್ನು ಓದಿ, ಬದುಕನ್ನು ಆಮೇಲೆ ಓದಿ. ಪುಸ್ತಕದ ಆರಂಭದಲ್ಲೇ ಲೇಖಕರ ಜೀವನವೃತ್ತಾಂತವನ್ನು ಅಚ್ಚು ಹಾಕಿದ್ದರೆ ಅದನ್ನು ಹಿನ್ನುಡಿಯೆಂದೇ ಎಣಿಸಿ ಕೊನೆಗೆ ಉಳಿಸಿಕೊಳ್ಳಿ. ಎರಡನೆಯ ಭಾಗಕ್ಕೆ ಇಷ್ಟು ಸುಲಭವಾಗಿ ಉತ್ತರ ಹೇಳಲಾಗದು. ನಿಮಗಾಗುತ್ತಿರುವ ತೊಂದರೆಗೆ ಕಾರಣ ಲೇಖಕರ ಬದುಕನ್ನು ತಿಳಿದುಕೊಂಡದ್ದಲ್ಲ, ಆ ತಿಳಿವಳಿಕೆಯ ಮುಂದೆ ನೀವು ಇಡುತ್ತಿರುವ ಪ್ರಶ್ನೆ ಎಂದು ನನಗನ್ನಿಸುತ್ತದೆ. ‘ಈ ಪಾತ್ರ ನಿಜವಾಗಿ ಯಾರು?’ ಎಂದು ಕೇಳಿದರೆ ಸಿಗುವುದು ಒಂದು ಹೆಸರು ಮಾತ್ರ. ಹೆಸರು ಸಿಕ್ಕ ಕೂಡಲೇ ವಿಚಾರಣೆ ಮುಗಿಯುತ್ತದೆ, ಅದರ ಜೊತೆಗೇ ಓದೂ ನಿಂತುಬಿಡುತ್ತದೆ. ಅದರ ಬದಲು ನಡೆದದ್ದಕ್ಕೂ ಬರೆದದ್ದಕ್ಕೂ ಎಲ್ಲಿ ವ್ಯತ್ಯಾಸ ಬಿದ್ದಿದೆ, ಲೇಖಕರು ಯಾವುದನ್ನು ಬದಲಿಸಿದರು, ಯಾವುದನ್ನು ಬಿಟ್ಟರು, ಯಾವ ಒತ್ತಡದ ನಡುವೆ ಕುಳಿತು ಬರೆದರು ಎಂದು ಕೇಳಿ ನೋಡಿ. ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ ಎಂಬುದು ಹಲವು ವರ್ಷಗಳ ಓದಿನಿಂದ ನನಗೆ ದಕ್ಕಿದ ತಿಳಿವಳಿಕೆ.

ಇದಕ್ಕೆ ಚಾರ್ಲ್ಸ್ ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಆ ಕಾದಂಬರಿ 1849–50ರಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಅದರ ನಾಯಕನಾದ ಹುಡುಗನನ್ನು ಹತ್ತನೆಯ ವಯಸ್ಸಿನಲ್ಲಿ ಶಾಲೆ ಬಿಡಿಸಿ, ಲಂಡನ್ನಿನ ಒಂದು ಮದ್ಯದ ಗೋದಾಮಿನಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಹಚ್ಚುತ್ತಾರೆ. ಇದು ಡಿಕನ್ಸ್‌ನದೇ ಬಾಲ್ಯದ ಕಥೆಯೆಂದು ಆಗ ಓದಿದ ಸಾವಿರಾರು ಜನರಿಗೆ ಗೊತ್ತಿರಲಿಲ್ಲ. 1824ರಲ್ಲಿ ಸಾಲ ತೀರಿಸಲಾಗದ ಅವನ ತಂದೆ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ ಹನ್ನೆರಡು ವರ್ಷದ ಹುಡುಗ ಬೂಟ್‌ಪಾಲಿಶಿನ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ದೊಡ್ಡವನಾದ ಮೇಲೆ ಈ ಸಂಗತಿಯನ್ನು ಅವನು ಬರೆದು ಕೊಟ್ಟದ್ದು ಸ್ನೇಹಿತ ಜಾನ್ ಫಾರ್ಸ್ಟರನಿಗೆ. 1870ರಲ್ಲಿ ಡಿಕನ್ಸ್ ತೀರಿಕೊಂಡ ಮೇಲೆ ಫಾರ್ಸ್ಟರ್ ಬರೆದ ಜೀವನ ಚರಿತ್ರೆಯಲ್ಲೇ ಲೋಕಕ್ಕೆ ಅದು ತಿಳಿದದ್ದು. ಅಂದರೆ ಎರಡು ದಶಕಗಳ ಕಾಲ ಓದುಗರು ಏನೂ ತಿಳಿಯದೆಯೇ ಆ ಅಧ್ಯಾಯವನ್ನು ಓದಿ ಕಣ್ಣೀರು ಹಾಕಿದರು. ಏನೋ ಕೈತಪ್ಪಿತೆಂಬ ನಿಮ್ಮ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ.

ಆದರೆ ಬದುಕು ತಿಳಿದ ಮೇಲೆ ಸಿಗುವ ಲಾಭವೂ ಇದೇ ಕೃತಿಯಲ್ಲಿ ಎದ್ದು ಕಾಣುತ್ತದೆ. ನಿಜದ ತಂದೆಯನ್ನು ಡಿಕನ್ಸ್ ಕಾದಂಬರಿಯಲ್ಲಿ ತಂದೆಯಾಗಿ ಉಳಿಸಲಿಲ್ಲ. ಸಾಲದ ಸೆರೆಮನೆಗೆ ಹೋಗುವ, ದೊಡ್ಡ ಮಾತಿನ, ಪ್ರೀತಿಪಾತ್ರನಾದ ಮಿಕಾಬರ್ ಎಂಬ ಹೊರಗಿನವನನ್ನಾಗಿ ಮಾಡಿದ. ಹುಡುಗನನ್ನು ದುಡಿಮೆಗೆ ತಳ್ಳುವ ಕ್ರೌರ್ಯವನ್ನು ಮಲತಂದೆಯ ಹೆಗಲಿಗೆ ಹೊರಿಸಿದ. ಇನ್ನು ತಾಯಿ? ಫಾರ್ಸ್ಟರನಿಗೆ ಕೊಟ್ಟ ಬರಹದಲ್ಲಿ ಡಿಕನ್ಸ್ ಅತ್ಯಂತ ಕಹಿಯಾಗಿ ನೆನೆಯುವುದು ತಾಯಿಯನ್ನೇ: ತಂದೆ ಅವನನ್ನು ಕಾರ್ಖಾನೆಯಿಂದ ಬಿಡಿಸಿದ ಮೇಲೂ ಮತ್ತೆ ಅಲ್ಲಿಗೇ ಕಳಿಸಬೇಕೆಂದು ಆಕೆ ಹಟ ಹಿಡಿದಿದ್ದಳು, ಅದನ್ನು ತಾನು ಎಂದೂ ಮರೆಯಲಾರೆ ಎನ್ನುತ್ತಾನೆ. ಕಾದಂಬರಿಯಲ್ಲಿ ಹುಡುಗ ಗೋದಾಮು ಸೇರುವ ಹೊತ್ತಿಗೆ ತಾಯಿ ಸತ್ತುಹೋಗಿದ್ದಾಳೆ. ಸತ್ತವಳು ಸೌಮ್ಯಳಾಗಿಯೇ, ನೆನಪಿನಲ್ಲಿ ಮುದ್ದಾಗಿಯೇ ಉಳಿಯುತ್ತಾಳೆ. ಕ್ಷಮಿಸಲಾಗದ ಒಂದು ಸಂಗತಿಯನ್ನು ಬರೆಯದೆ ಉಳಿಸುವುದಕ್ಕಾಗಿ ಲೇಖಕ ಕಥೆಯ ಇಡೀ ಕುಟುಂಬವನ್ನೇ ಮರುಜೋಡಿಸಿದ್ದಾನೆ ಎಂದು ನಾನು ಓದುತ್ತೇನೆ. ‘ಡೇವಿಡ್ ಎಂದರೆ ಡಿಕನ್ಸ್’ ಎಂದಷ್ಟೇ ಹೇಳಿ ಮುಂದೆ ಹೋದವರಿಗೆ ಇದು ಕಾಣುವುದಿಲ್ಲ.

‘ಡಾನ್ ಕ್ವಿಕ್ಸೋಟ್’ ಬರೆದ ಸ್ಪೇನಿನ ಸರ್ವಾಂಟಿಸ್‌ನದು ಇನ್ನೊಂದು ಬಗೆ. ಅವನು 1571ರ ಲೆಪಾಂಟೊ ಕದನದಲ್ಲಿ ಎಡಗೈಯ ಬಲ ಕಳೆದುಕೊಂಡ. 1575ರಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕಿ ಅಲ್ಜಿಯರ್ಸ್‌ನಲ್ಲಿ ಐದು ವರ್ಷ ಸೆರೆಯಾಳಾಗಿದ್ದ. ಹಲವು ಬಾರಿ ತಪ್ಪಿಸಿಕೊಳ್ಳಲು ಹೆಣಗಿ ಸೋತು, ಕೊನೆಗೆ ಒತ್ತೆಹಣ ಕೊಟ್ಟ ಮೇಲೆ ಬಿಡುಗಡೆಯಾದ. ಇಂಥ ಬದುಕಿನಿಂದ ಬಂದವನು ತನ್ನದೇ ಸಾಹಸಗಾಥೆ ಬರೆಯಬಹುದಿತ್ತು. ‘ಡಾನ್ ಕ್ವಿಕ್ಸೋಟ್’ನ ಮೊದಲ ಭಾಗದಲ್ಲಿ (1605) ಅಲ್ಜಿಯರ್ಸ್‌ನ ಸೆರೆಯಾಳೊಬ್ಬ ತನ್ನ ಕಥೆ ಹೇಳುತ್ತಾನೆ, ಆದರೆ ಅವನು ಸರ್ವಾಂಟಿಸ್ ಅಲ್ಲ. ಆ ಕಥೆಯ ನಡುವೆ ಒಂದೇ ಒಂದು ಕಡೆ, ‘ಸಾವೆದ್ರಾ ಎಂಬ ಒಬ್ಬ ಸಿಪಾಯಿ ಇದ್ದ’ ಎಂಬಂಥ ಮಾತು ಬಂದು ಹೋಗುತ್ತದೆ. ಸಾವೆದ್ರಾ ಎಂಬುದು ಸರ್ವಾಂಟಿಸ್ ತನ್ನ ಹೆಸರಿಗೆ ಸೇರಿಸಿಕೊಂಡಿದ್ದ ಹೆಸರು. ತನ್ನ ಬಾಳಿನ ಅತ್ಯಂತ ಕಷ್ಟದ ಐದು ವರ್ಷಗಳಲ್ಲಿ ಅವನು ತನ್ನನ್ನು ಪಕ್ಕದಲ್ಲಿ ಹಾದುಹೋಗುವವನನ್ನಾಗಿ ಮಾಡಿಕೊಂಡ. ತಾನೊಬ್ಬ ವೀರಯೋಧನೆಂದು ಭ್ರಮಿಸಿದ ಕ್ವಿಕ್ಸೋಟನ ಹುಚ್ಚನ್ನು ನಗುತ್ತಲೇ ಪ್ರೀತಿಸುವ ಆ ಕೃತಿಯ ದನಿಗೂ, ತನ್ನ ವೀರತ್ವವನ್ನು ಒಂದು ವಾಕ್ಯಕ್ಕೆ ಇಳಿಸಬಲ್ಲ ಈ ಮನಸ್ಸಿಗೂ ನಂಟಿದೆ ಎಂದು ನನ್ನ ಊಹೆ.

ಅದೇ ಕೃತಿಯ ಎರಡನೆಯ ಭಾಗದಲ್ಲಿ ಬದುಕು ಬೇರೊಂದು ಬಾಗಿಲಿನಿಂದ ಒಳಬರುತ್ತದೆ. 1614ರಲ್ಲಿ ಅವೆಲ್ಲಾನೆಡ ಎಂಬ ಸುಳ್ಳುಹೆಸರಿನಲ್ಲಿ ಯಾರೋ ಕ್ವಿಕ್ಸೋಟನ ಕಥೆಯ ಮುಂದುವರಿಕೆಯನ್ನು ಪ್ರಕಟಿಸಿ, ಸರ್ವಾಂಟಿಸ್‌ನ ಮುಪ್ಪನ್ನೂ ಊನವಾದ ಕೈಯನ್ನೂ ಹಂಗಿಸಿದರು. ಆಗ ತನ್ನ ಎರಡನೆಯ ಭಾಗವನ್ನು ಬರೆಯುತ್ತಿದ್ದ ಸರ್ವಾಂಟಿಸ್ ಆ ನಕಲಿ ಪುಸ್ತಕವನ್ನೇ ಕಥೆಯೊಳಕ್ಕೆ ತಂದ. ಸರಗೋಸಾಕ್ಕೆ ಹೊರಟಿದ್ದ ಕ್ವಿಕ್ಸೋಟ್, ನಕಲಿ ಕ್ವಿಕ್ಸೋಟ್ ಅಲ್ಲಿಗೆ ಹೋಗಿದ್ದಾನೆಂದು ತಿಳಿದು, ಅವನನ್ನು ಸುಳ್ಳಾಗಿಸಲೆಂದೇ ಬಾರ್ಸಿಲೋನಾದ ದಾರಿ ಹಿಡಿಯುತ್ತಾನೆ. ಈ ಹಿನ್ನೆಲೆ ಗೊತ್ತಿಲ್ಲದೆ 1615ರ ಆ ಭಾಗವನ್ನು ಓದಿದರೂ ಕಥೆ ಅರ್ಥವಾಗುತ್ತದೆ, ಗೊತ್ತಿದ್ದರೆ ನಗು ಇಮ್ಮಡಿಯಾಗುತ್ತದೆ. ಕೆಲವೊಮ್ಮೆ ಲೇಖಕರ ಬದುಕಿನಿಂದ ನಮಗೆ ಬೇಕಾಗುವುದು ಬಾಲ್ಯವಲ್ಲ, ಪುಸ್ತಕ ಬರೆಯುತ್ತಿದ್ದ ಆ ಒಂದೆರಡು ವರ್ಷಗಳ ಲೆಕ್ಕ ಮಾತ್ರ.

ದಾಸ್ತೊಯೆವ್‌ಸ್ಕಿಯ ‘ಜೂಜುಕೋರ’ ಇಂಥದೇ. ಸಾಲಕ್ಕೆ ಸಿಕ್ಕಿದ್ದ ಅವನು, 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದನ್ನು ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ತನ್ನ ಬರವಣಿಗೆಯನ್ನೆಲ್ಲ ಸಂಭಾವನೆಯಿಲ್ಲದೆ ಪ್ರಕಟಿಸಬಹುದೆಂದು ಪ್ರಕಾಶಕನಿಗೆ ಬರೆದುಕೊಟ್ಟಿದ್ದ. ‘ಅಪರಾಧ ಮತ್ತು ಶಿಕ್ಷೆ’ ಪತ್ರಿಕೆಯಲ್ಲಿ ಕಂತುಗಳಾಗಿ ಬರುತ್ತಿದ್ದ ಕಾಲವದು. ಗಡುವಿಗೆ ತಿಂಗಳಿಗಿಂತ ಕಡಿಮೆ ಉಳಿದಾಗ ಅನ್ನಾ ಸ್ನಿತ್ಕಿನಾ ಎಂಬ ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿ, 26 ದಿನಗಳಲ್ಲಿ ಆ ಕಾದಂಬರಿಯನ್ನು ಮುಗಿಸಿದ; ಮರುವರ್ಷ ಆಕೆಯನ್ನೇ ಮದುವೆಯಾದ. ಅವನು ಸ್ವತಃ ರೂಲೆಟ್ ಎಂಬ ಜೂಜಿನ ಚಟಕ್ಕೆ ಬಿದ್ದಿದ್ದವನೆಂಬುದನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಆ ಕಾದಂಬರಿಯ ಉಸಿರುಗಟ್ಟಿಸುವ ವೇಗ ಕಾಗದದ ಮೇಲೆ ಹುಟ್ಟಿದ್ದಲ್ಲ, ಕೋಣೆಯೊಳಗೆ ಅಡ್ಡಾಡುತ್ತ ಆಡಿದ ಮಾತಿನಲ್ಲಿ ಹುಟ್ಟಿದ್ದು ಎಂಬ ಸಂಗತಿ.

ಬರವಣಿಗೆಗೆ ಸಿಕ್ಕ ಸಾಮಗ್ರಿಯೂ ಹೀಗೆಯೇ ಕೃತಿಯನ್ನು ರೂಪಿಸುತ್ತದೆ. ಕೀನ್ಯಾದ ಗೂಗಿ ವಾ ಥಿಯಾಂಗೋ ಅವರನ್ನು ಗಿಕುಯು ಭಾಷೆಯ ನಾಟಕವೊಂದರ ನಂತರ 1977ರ ಕೊನೆಯಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಾಗ, ಅವರು ಅದೇ ಭಾಷೆಯಲ್ಲಿ ಒಂದು ಕಾದಂಬರಿಯನ್ನು ಶೌಚದ ಕಾಗದದ ಮೇಲೆ ಬರೆದರು. ಇಂಡೊನೇಷ್ಯಾದ ಪ್ರಮುದ್ಯ ಅನಂತ ತೂರ್ ಅವರಿಗೆ ಬುರು ದ್ವೀಪದ ಸೆರೆಶಿಬಿರದಲ್ಲಿ ಮೊದಲಿಗೆ ಕಾಗದವೂ ಇರಲಿಲ್ಲ. ಮುಂದೆ ನಾಲ್ಕು ಕಾದಂಬರಿಗಳಾಗಿ ಬಂದ ಕಥೆಯನ್ನು ಅವರು ಜೊತೆಯ ಸೆರೆಯಾಳುಗಳಿಗೆ ಬಾಯಲ್ಲಿ ಹೇಳಿದರು. ಯಾರಿಗಾಗಿ, ಯಾವ ಭಾಷೆಯಲ್ಲಿ, ಯಾರ ಎದುರಿಗೆ ಈ ಮಾತು ಹುಟ್ಟಿತು ಎಂಬ ವಿವರ ಇಲ್ಲಿ ಯಾವ ವಿಮರ್ಶೆಗಿಂತ ಹೆಚ್ಚು ಉಪಯುಕ್ತ.

ಹಳಗನ್ನಡಕ್ಕೆ ಬಂದರೆ, ಪಂಪನ ಬದುಕಿನ ಒಂದೇ ಒಂದು ಸಂಗತಿ ‘ವಿಕ್ರಮಾರ್ಜುನ ವಿಜಯ’ದ ಅನೇಕ ಗಂಟುಗಳನ್ನು ಬಿಡಿಸುತ್ತದೆ. ಅವನು ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿದ್ದವನು. ಕಾವ್ಯದಲ್ಲಿ ಅರಿಕೇಸರಿಯನ್ನೇ ಅರ್ಜುನನೆಂದು ಸಮೀಕರಿಸಿದವನು. ಹಾಗಾಗಿಯೇ ದ್ರೌಪದಿ ಅಲ್ಲಿ ಅರ್ಜುನನೊಬ್ಬನ ಹೆಂಡತಿ. ಯುದ್ಧ ಮುಗಿದ ಮೇಲೆ ಪಟ್ಟವಾಗುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ, ಅದೂ ಸುಭದ್ರೆಯೊಡನೆ. ಇವು ಕವಿಯ ಮನಸ್ಸು ಬಂದಂತೆ ಮಾಡಿದ ಬದಲಾವಣೆಗಳಲ್ಲ, ಆಶ್ರಯದ ಲೆಕ್ಕಾಚಾರದಿಂದ ಹುಟ್ಟಿದವು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾವು ಪಂಪನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇಡೀ ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಒಂದೇ ಚಿತ್ತದಿಂದ ಕರ್ಣನನ್ನು ನೆನೆ ಎಂದು ಹೇಳಿದವನೂ ಇದೇ ಆಸ್ಥಾನಕವಿ. ಅರಸನನ್ನು ನಾಯಕನನ್ನಾಗಿ ನಿಲ್ಲಿಸಿದ ಕಾವ್ಯದಲ್ಲಿ ಆ ನಾಯಕನ ಶತ್ರುವಿಗೆ ಸಂದ ಈ ಪದ್ಯವನ್ನು ಅರಿಕೇಸರಿಯ ಋಣದಿಂದ ವಿವರಿಸಲು ಬರುವುದಿಲ್ಲ. ಬದುಕಿನ ಒತ್ತಡ ಎಲ್ಲಿ ಕೆಲಸ ಮಾಡಿತು ಎಂಬುದು ತಿಳಿದಿದ್ದರೆ ತಾನೇ ಅದು ಎಲ್ಲಿ ಕೆಲಸ ಮಾಡಲಿಲ್ಲ ಎಂಬುದೂ ಕಣ್ಣಿಗೆ ಬೀಳುವುದು?

ಈಗ ಎಚ್ಚರಿಕೆಯ ಮಾತು. ಬದುಕಿನಿಂದ ಕೃತಿಗೆ ಹೋಗುವ ದಾರಿಗಿಂತ ಕೃತಿಯಿಂದ ಬದುಕಿಗೆ ಹಿಂತಿರುಗುವ ದಾರಿ ಬಹಳ ಅಪಾಯದ್ದು. ಎಮಿಲಿ ಬ್ರಾಂಟಿ 1847ರಲ್ಲಿ ಎಲಿಸ್ ಬೆಲ್ ಎಂಬ ಹೆಸರಿನಲ್ಲಿ ‘ವದರಿಂಗ್ ಹೈಟ್ಸ್’ ಪ್ರಕಟಿಸಿ, ಮರುವರ್ಷವೇ ಮೂವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಪಾದ್ರಿಯಾಗಿದ್ದ ತಂದೆಯ ಮನೆಯಲ್ಲೇ ಬಾಳಿನ ಬಹುಪಾಲನ್ನು ಕಳೆದ ಆಕೆಗೆ ಅಷ್ಟು ಉಗ್ರವಾದ ಪ್ರೇಮ ಎಲ್ಲಿಂದ ಗೊತ್ತಾಯಿತು ಎಂದು ತಲೆ ಕೆಡಿಸಿಕೊಂಡವರು ಅನೇಕರು. 1936ರಲ್ಲಿ ಬಂದ ಒಂದು ಜೀವನ ಚರಿತ್ರೆಯಂತೂ ‘ಲೂಯಿ ಪ್ಯಾರೆನ್ಸೆಲ್’ ಎಂಬ ಪ್ರಿಯಕರನನ್ನೇ ಪತ್ತೆಹಚ್ಚಿತು. ಆಮೇಲೆ ನೋಡಿದರೆ ಅದು ಕೈಬರಹದ ಒಂದು ಕವಿತೆಯ ಶೀರ್ಷಿಕೆ. ‘ಲವ್ಸ್ ಫೇರ್‌ವೆಲ್’, ಅಂದರೆ ಪ್ರೇಮದ ವಿದಾಯ, ಎಂಬ ಪದಗಳನ್ನು ತಪ್ಪಾಗಿ ಓದಿದ್ದರ ಫಲ. ಅನುಭವಿಸದೆ ಬರೆಯಲಾಗದು ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಇಲ್ಲದ ಮನುಷ್ಯನನ್ನೂ ಅದು ಹುಟ್ಟಿಸಬಲ್ಲದು. (ನಾನು ಯಾವುದೇ ಜೀವನ ಚರಿತ್ರೆಯಲ್ಲಿ ‘ಬಹುಶಃ’ ಎಂಬ ಪದ ಕಂಡಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ; ಕೆಲವು ಪುಸ್ತಕಗಳಲ್ಲಿ ಗೆರೆಯಿಲ್ಲದ ಪುಟ ಸಿಗುವುದು ಕಷ್ಟ.)

ಜೇಮ್ಸ್ ಟಿಪ್ಟ್ರೀ ಜೂನಿಯರ್ ಎಂಬ ಅಮೆರಿಕದ ವಿಜ್ಞಾನ ಕಥೆಗಾರರ ಪ್ರಸಂಗವೂ ಇಂಥದೇ. ಅವರನ್ನು ಯಾರೂ ಕಂಡಿರಲಿಲ್ಲ. ಹೆಣ್ಣಿರಬಹುದೇ ಎಂಬ ಗುಸುಗುಸು ಎದ್ದಾಗ, ಸ್ವತಃ ಹೆಸರಾಂತ ಲೇಖಕರಾದ ರಾಬರ್ಟ್ ಸಿಲ್ವರ್‌ಬರ್ಗ್ 1975ರ ಒಂದು ಮುನ್ನುಡಿಯಲ್ಲಿ, ಈ ಬರವಣಿಗೆಯಲ್ಲಿ ಗಂಡಸುತನ ಎದ್ದು ಕಾಣುತ್ತದೆ ಎಂದು ವಾದಿಸಿದರು. ಒಂದೆರಡು ವರ್ಷಗಳಲ್ಲೇ ಟಿಪ್ಟ್ರೀ ಎಂದರೆ ಆಲಿಸ್ ಶೆಲ್ಡನ್ ಎಂಬ ಮಹಿಳೆ ಎಂದು ಬಯಲಾಯಿತು. ಡೇನಿಯಲ್ ಡೀಫೋ ಕೂಡ 1665ರ ಲಂಡನ್ ಪ್ಲೇಗಿನ ಬಗ್ಗೆ 1722ರಲ್ಲಿ ಕಣ್ಣಾರೆ ಕಂಡವನ ದಿನಚರಿಯಂತೆ ಬರೆದ; ಪ್ಲೇಗ್ ಬಂದಾಗ ಅವನು ಸುಮಾರು ಐದು ವರ್ಷದ ಮಗು.

ಇದರ ತಿರುವುಮುರುವಾದ ಉದಾಹರಣೆಯೂ ಇದೆ. ಆರ್.ಕೆ. ನಾರಾಯಣ್ ಅವರ ‘ದಿ ಇಂಗ್ಲಿಷ್ ಟೀಚರ್’ (1945) ಕಾದಂಬರಿಯ ಮೊದಲರ್ಧದಲ್ಲಿ ಎಳೆಯ ಹೆಂಡತಿ ವಿಷಮಶೀತ ಜ್ವರದಿಂದ ಸಾಯುತ್ತಾಳೆ. ಉತ್ತರಾರ್ಧದಲ್ಲಿ ಗಂಡ ಆಕೆಯ ಆತ್ಮದೊಡನೆ ಮಾತನಾಡುತ್ತಾನೆ. ಮೊದಲರ್ಧ ಎಷ್ಟು ನಿಜವೆನಿಸುತ್ತದೆಯೋ ಎರಡನೆಯದು ಅಷ್ಟೇ ಕಟ್ಟುಕಥೆಯೆನಿಸುತ್ತದೆ ಎಂದು ಅನೇಕ ಓದುಗರು ದೂರುತ್ತಾರೆ. ನಾರಾಯಣ್ ಅವರ ಪತ್ನಿ 1939ರಲ್ಲಿ ಅದೇ ಜ್ವರದಿಂದ ತೀರಿಕೊಂಡದ್ದು ನಿಜ. ಆಮೇಲೆ ಸತ್ತವರೊಡನೆ ಮಾತನಾಡಿಸುವ ಮಧ್ಯವರ್ತಿಯೊಬ್ಬರ ಮೂಲಕ ಆಕೆಯೊಡನೆ ಸಂಪರ್ಕ ಸಾಧಿಸಿದ ಅನುಭವವೂ ತನ್ನದೇ ಎಂದು ಅವರು ‘ಮೈ ಡೇಸ್’ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನಂಬಲಾಗದ ಭಾಗವೇ ಬದುಕಿನಿಂದ ನೇರವಾಗಿ ಬಂದದ್ದು. ಇಲ್ಲಿ ನನ್ನ ತೀರ್ಪು ಸ್ವಲ್ಪ ಕಠಿಣ: ನಡೆದದ್ದು ಎಂಬ ಕಾರಣಕ್ಕೆ ಒಂದು ಪುಟ ಚೆನ್ನಾಗಿದೆಯೆಂದು ಒಪ್ಪಬೇಕಾಗಿಲ್ಲ. ಆತ್ಮಕಥೆಯನ್ನು ಓದಿದ ಮೇಲೆ ಆ ಉತ್ತರಾರ್ಧದ ಬಗ್ಗೆ ನನಗೆ ಅನುಕಂಪ ಹೆಚ್ಚಿತು, ಮೆಚ್ಚುಗೆ ಹೆಚ್ಚಲಿಲ್ಲ.

ಲೇಖಕರ ಬದುಕು ನಮ್ಮವರೆಗೆ ಹೇಗೆ ಬಂದು ಮುಟ್ಟಿತು ಎಂಬುದನ್ನೂ ವಿಚಾರಿಸಬೇಕು. ಜೇನ್ ಆಸ್ಟೆನ್ 1817ರಲ್ಲಿ ತೀರಿಕೊಂಡ ಮೇಲೆ ಅಕ್ಕ ಕಸಾಂಡ್ರಾ ಆಕೆಯ ಪತ್ರಗಳಲ್ಲಿ ಬಹಳಷ್ಟನ್ನು ಸುಟ್ಟಳು. ಅರ್ಧ ಶತಮಾನದ ನಂತರ ಸೋದರನ ಮಗ ಬರೆದ ನೆನಪುಗಳಲ್ಲಿ ಆಕೆ ಯಾರಿಗೂ ನೋವುಂಟುಮಾಡದ ಮೃದುಸ್ವಭಾವದ ಅತ್ತೆಯಾಗಿ ಕಾಣಿಸಿಕೊಂಡಳು. ಉಳಿದಿರುವ ಸುಮಾರು 160 ಪತ್ರಗಳಲ್ಲಿ ಅಲ್ಲಲ್ಲಿ ಮಿಂಚುವ ಮೊನಚು ನಾಲಿಗೆಗೂ ಈ ಚಿತ್ರಕ್ಕೂ ತಾಳೆಯಾಗುವುದಿಲ್ಲ. ಕುಟುಂಬದವರು ಬರೆದ ಚರಿತ್ರೆಯಾದರೆ ಏನನ್ನು ಮುಚ್ಚಿದರು ಎಂದೂ, ಶಿಷ್ಯರು ಬರೆದದ್ದಾದರೆ ಏನನ್ನು ಹಿಗ್ಗಿಸಿದರು ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ಕೆಲವರು ತಾವೇ ಮರೆಯಾಗಲು ಬಯಸಿದರು. ಮುದ್ದಣ ಎಂದು ಹೆಸರಾದ ನಂದಳಿಕೆಯ ಲಕ್ಷ್ಮೀನಾರಾಯಣ ವ್ಯಾಯಾಮ ಶಿಕ್ಷಕರಾಗಿದ್ದವರು. ‘ಅದ್ಭುತ ರಾಮಾಯಣ’, ‘ಶ್ರೀರಾಮಾಶ್ವಮೇಧ’ಗಳನ್ನು ಬರೆದು, ಪ್ರಾಚೀನ ಕವಿಯ ಕೃತಿಗಳೆಂಬಂತೆ ಮೈಸೂರಿಗೆ ಕಳಿಸಿದರು. 1901ರಲ್ಲಿ ಮೂವತ್ತೊಂದರ ವಯಸ್ಸಿನಲ್ಲೇ ತೀರಿಕೊಂಡ ಅವರಿಗೆ ಕವಿಯಾಗಿ ಸಿಗಬೇಕಾಗಿದ್ದ ಕೀರ್ತಿ ಸತ್ತ ಮೇಲೆ ಸಿಕ್ಕಿತು. ಇನ್ನು ಕುಮಾರವ್ಯಾಸ ವೀರನಾರಾಯಣನೇ ಕವಿ, ತಾನು ಬರಿಯ ಲಿಪಿಕಾರ ಎಂದು ಹೇಳಿಬಿಟ್ಟ. ಅವನ ಬಗ್ಗೆ ನಮಗಿರುವುದು ಒದ್ದೆಬಟ್ಟೆ ಆರುವತನಕ ಪದ್ಯ ಹರಿಯುತ್ತಿತ್ತು ಎಂಬಂಥ ಐತಿಹ್ಯಗಳೇ ಹೆಚ್ಚು. ಆ ಐತಿಹ್ಯ ಕವಿಯ ಚರಿತ್ರೆಯಲ್ಲ, ಅವನ ಪದ್ಯದ ಓಟವನ್ನು ಕೇಳಿ ಬೆರಗಾದವರ ಚರಿತ್ರೆ. ಹಾಗೆಂದುಕೊಂಡು ಓದಿದರೆ ಅದಕ್ಕೂ ಬೆಲೆಯಿದೆ.

ಲೇಖಕರೇ ಬರೆದುಕೊಂಡ ಆತ್ಮಕಥೆ ಎಲ್ಲಕ್ಕಿಂತ ನಂಬಲರ್ಹವಾದ ಸಾಕ್ಷಿ ಎಂದು ನೀವು ಭಾವಿಸಿರಬಹುದು. ಅದನ್ನು ಬಳಸುವಾಗ ವರ್ಷಗಳನ್ನು ನೋಡಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರದು, ‘ನೆನಪಿನ ದೋಣಿಯಲ್ಲಿ’ 1980ರದು. ನಡುವೆ 44 ವರ್ಷ. ಆತ್ಮಕಥೆಯ ಮಲೆನಾಡಿನ ಬಾಲ್ಯವನ್ನು ಓದಿ ‘ಕಾದಂಬರಿಗೆ ಮೂಲ ಇಲ್ಲಿದೆ’ ಎಂದು ಬೆರಳಿಟ್ಟು ತೋರಿಸುವವರು, ಕಾದಂಬರಿಗಳನ್ನು ಬರೆದ ಕೈಯೇ ಆ ನೆನಪುಗಳನ್ನು ನಂತರ ಬರೆದದ್ದು ಎಂಬುದನ್ನು ಮರೆಯುತ್ತಾರೆ. ಒಮ್ಮೆ ಕಥೆಯಾಗಿ ಬರೆದ ಕಾಡು, ಆಮೇಲೆ ನೆನಪಾಗಿ ಬರುವಾಗ ಕಥೆಯ ಬಣ್ಣವನ್ನು ಸ್ವಲ್ಪವಾದರೂ ಹೊತ್ತು ತರುವುದಿಲ್ಲವೆ? ಶಿವರಾಮ ಕಾರಂತರು ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟು, ಒಂದೇ ಮುಖ ಹುಡುಕಿಕೊಂಡು ಬರುವವರನ್ನು ಹೊಸ್ತಿಲಲ್ಲೇ ಎಚ್ಚರಿಸಿದರು.

ಹಾಗಾದರೆ ನೀವು ಮಾಡಬೇಕಾದದ್ದೇನು? ನೀವು ಈಗಾಗಲೇ ಓದಿ ಮೆಚ್ಚಿದ ಒಂದು ಕಾದಂಬರಿಯಿಂದಲೇ ಆರಂಭಿಸಿ. ಅದನ್ನು ಬರೆದ ವರ್ಷಗಳಲ್ಲಿ ಲೇಖಕರು ಎಲ್ಲಿದ್ದರು, ಜೀವನೋಪಾಯಕ್ಕೆ ಏನು ಮಾಡುತ್ತಿದ್ದರು, ಮೊದಲು ಅದನ್ನು ಎಲ್ಲಿ ಪ್ರಕಟಿಸಿದರು, ಕಂತುಗಳಾಗಿಯೋ ಇಡಿಯಾಗಿಯೋ ಎಂಬಷ್ಟನ್ನು ಮಾತ್ರ ತಿಳಿದುಕೊಂಡು ಇನ್ನೊಮ್ಮೆ ಓದಿ. ಪತ್ರಗಳು ಸಿಕ್ಕರೆ ಜೀವನ ಚರಿತ್ರೆಗಿಂತ ಮೊದಲು ಅವನ್ನು ನೋಡಿ; ಪತ್ರ ಬರೆಯುವಾಗ ಲೇಖಕರಿಗೆ ತಮ್ಮ ಕಥೆ ಹೇಗೆ ಮುಗಿಯುತ್ತದೆ ಎಂದು ಗೊತ್ತಿರುವುದಿಲ್ಲ, ಚರಿತ್ರೆಕಾರರಿಗೆ ಗೊತ್ತಿರುತ್ತದೆ. ಪಾತ್ರಗಳಲ್ಲಿ ಲೇಖಕರ ಮುಖ ಕಾಣಿಸಿದರೆ ಗಾಬರಿಯಾಗಬೇಡಿ. ಆ ಮುಖಕ್ಕೆ ಅವರು ಏನು ಸೇರಿಸಿದ್ದಾರೆ, ಅದರಿಂದ ಏನು ತೆಗೆದಿದ್ದಾರೆ ಎಂದು ನೋಡುತ್ತ ಮುಂದೆ ಓದಿ.

ನನ್ನ ಈ ಕ್ರಮಕ್ಕೆ ಒಂದು ಅಪವಾದವಿದೆ: ಬದುಕೇ ಕೃತಿಯಾಗಿರುವ ಪುಸ್ತಕಗಳು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ಯಂಥವನ್ನು ಓದುವಾಗ ಕೃತಿ ಮೊದಲೋ ಬದುಕು ಮೊದಲೋ ಎಂಬ ಪ್ರಶ್ನೆ ಏಳುವುದೇ ಇಲ್ಲ, ಮತ್ತು ನಡೆದದ್ದನ್ನು ಲೇಖಕರು ಬದಲಿಸಿದರೇ ಎಂದು ಹುಡುಕುತ್ತ ಕೂರುವುದು ಅಲ್ಲಿ ಔಚಿತ್ಯವೂ ಅಲ್ಲ. ಆದರೂ ಆಯ್ಕೆಯೆಂಬುದು ಅಲ್ಲಿಯೂ ಇದೆ, ಅದು ದನಿಯಲ್ಲಿದೆ. ‘ಊರುಕೇರಿ’ಯಲ್ಲಿ ಹಸಿವು, ಅವಮಾನ ಎರಡೂ ತುಂಬಿವೆ, ಆದರೆ ಸಿದ್ಧಲಿಂಗಯ್ಯನವರು ಅವನ್ನು ಹೇಳುವಾಗ ಓದುಗರು ಮತ್ತೆ ಮತ್ತೆ ನಕ್ಕುಬಿಡುತ್ತಾರೆ. ಕವಿತೆಗಳಲ್ಲಿ ಕೆಂಡದಂತೆ ಉರಿದ ಅದೇ ಲೇಖಕರು ತಮ್ಮ ಕಥೆಗೆ ನಗುವನ್ನು ಏಕೆ ಆರಿಸಿಕೊಂಡರು ಎಂದು ನೋಡಬೇಕೆಂದಿದ್ದರೆ, ಅವರ ಮೊದಲ ಕವನ ಸಂಕಲನವನ್ನೂ ‘ಊರುಕೇರಿ’ಯನ್ನೂ ಒಂದೇ ವಾರದಲ್ಲಿ, ಒಂದರ ಬೆನ್ನಿಗೆ ಒಂದನ್ನು ಓದಿ.